ಕಿವುಡ ನಡೆಸಿದ ಕೇಳುವ ಪರೀಕ್ಷೆ

ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆಯುವವರುಂಟು. ನನ್ನ ವಿಷಯದಲ್ಲಿ ಮಾರಿಗೆ ಆ ಕರೆಯೋಲೆಯೂ ಬೇಕಾಗಿಲ್ಲ, ವಿಳಾಸ ಅದಕ್ಕೇ ಗೊತ್ತು. ಇಲ್ಲದಿದ್ದರೆ ಕುವೈತಿನಲ್ಲಿ ಹನ್ನೆರಡು ವರ್ಷ ಟೈಪಿಸ್ಟ್ ಆಗಿ ತಣ್ಣಗಿದ್ದವನು, ತೊಂಬತ್ತರ ಆಗಸ್ಟಿನಲ್ಲಿ ಯುದ್ಧ ಬಂತೆಂದು ಉಟ್ಟ ಬಟ್ಟೆಯಲ್ಲಿ ಬಾಗ್ದಾದ್, ಅಮ್ಮಾನ್ ಸುತ್ತಿ ಊರಿಗೆ ಓಡಿದವನು, ವರ್ಷ ತಿರುಗುತ್ತಿದ್ದಂತೆ ಮತ್ತೆ ಅಲ್ಲಿಗೇ ಹೋಗಿ, ಉರಿಯುವ ಎಣ್ಣೆ ಬಾವಿಗಳ ನಡುವೆ ಕೂತು ಚೀನಾದ ಹೈಸ್ಕೂಲು ಹುಡುಗರಿಗೆ ಇಂಗ್ಲಿಷ್ ಪರೀಕ್ಷೆ ಮಾಡುತ್ತಾನೆಯೇ?

ಮತ್ತೆ ಯಾಕೆ ಹೋದೆ ಎಂದು ಕೇಳಬೇಡಿ. ಉಡುಪಿಯ ಹತ್ತಿರ ಹೆಂಡತಿಯ ತವರಿನಲ್ಲಿದ್ದೆವು. ಮೊದಲ ತಿಂಗಳು ನಾನು ಬಂದರೆ ಮನೆಯವರೆಲ್ಲ ಕುರ್ಚಿ ಬಿಟ್ಟು ಏಳುತ್ತಿದ್ದರು. ಮೂರನೇ ತಿಂಗಳಿಗೆ ನಾನು ಎದ್ದರೆ ಸಾಕು, ನನ್ನ ಕುರ್ಚಿಯಲ್ಲಿ ಬೇರೆಯವರು ಕೂತಿರುತ್ತಿದ್ದರು. ಇಬ್ಬರು ಹೆಣ್ಣುಮಕ್ಕಳು ಶಾಲೆಯಲ್ಲಿ. ಹಾಗಾಗಿ ಆರು ತಿಂಗಳ ತಾತ್ಕಾಲಿಕ ಕೆಲಸದ ಕಾಗದ ಹಿಡಿದು ವಾಪಸು ಬಂದೆ. ಕೆಲಸ ಒಪ್ಪಿಗೆಯಾದರೆ ಇಕಾಮಾ, ಅಂದರೆ ಅಲ್ಲಿ ಉಳಿಯುವ ಪರವಾನಗಿ. ಆಗದಿದ್ದರೆ ಮತ್ತೆ ಅತ್ತೆಯ ಮನೆ. ಆ ದಿನಗಳಲ್ಲಿ ನನ್ನ ತಲೆಯಲ್ಲಿ ಇದ್ದದ್ದು ಇದೊಂದೇ ಲೆಕ್ಕ.

೧. ನರ್ಸಮ್ಮನ ತೀರ್ಪು

ನಮ್ಮ ಕಚೇರಿ ಅಹ್ಮದಿ ಊರು ದಾಟಿದ ಮೇಲೆ ಮರಳಿನಲ್ಲಿ ನಿಲ್ಲಿಸಿದ ಒಂದು ತಗಡಿನ ಡಬ್ಬಿ. ಬಾವಿಯ ಬೆಂಕಿ ನೋಡುವುದಕ್ಕೆ ಮಾತ್ರ ಭಯಂಕರ ಎಂದು ಊರಿನವರು ತಿಳಿದಿದ್ದಾರೆ. ಅದರ ಸದ್ದಿನ ಮುಂದೆ ನೋಟ ಏನೂ ಅಲ್ಲ. ಹತ್ತು ವಿಮಾನಗಳು ತಲೆಯ ಮೇಲೆ ಹಾರಲೂ ಹಾರದೆ, ಇಳಿಯಲೂ ಇಳಿಯದೆ ನಿಂತ ಹಾಗೆ. ಕಿವಿಗೆ ಬಿರಡೆ ತುರುಕಿಕೊಳ್ಳಬೇಕೆಂದು ನಿಯಮವಿತ್ತು. ನಾನು ತುರುಕಿಕೊಳ್ಳಲಿಲ್ಲ. ನಮ್ಮ ಮುದೀರ್, ಅಂದರೆ ಮ್ಯಾನೇಜರ್, ದಿನವಿಡೀ ಏನಾದರೊಂದು ಕೂಗುತ್ತಿದ್ದರು. ಕೇಳದೆ ಹೋದರೆ ಕೆಲಸಕ್ಕೆ ಬಾರದವನು ಎಂದುಕೊಂಡಾರು ಎಂಬ ಹೆದರಿಕೆ ನನಗೆ.

ನಾಲ್ಕನೇ ವಾರದಲ್ಲಿ ಮುದೀರ್ ಕೂಗುವುದನ್ನು ಬಿಟ್ಟರು. ಮನುಷ್ಯ ಎಷ್ಟು ಮೃದುವಾದರಪ್ಪ ಎಂದು ಸಂತೋಷಪಟ್ಟೆ. ಎರಡು ದಿನ ಕಳೆದ ಮೇಲೆ ಗೊತ್ತಾಯಿತು, ಬದಲಾದದ್ದು ಅವರಲ್ಲ.

ಅಹ್ಮದಿಯ ಆಸ್ಪತ್ರೆಯಲ್ಲಿ ಮಂಗಳೂರಿನ ಕಡೆಯ ಒಬ್ಬ ಕೊಂಕಣಿ ನರ್ಸಮ್ಮ ಇದ್ದರು. ಕೈಗಡಿಯಾರ ಬಿಚ್ಚಿ ನನ್ನ ಎಡಗಿವಿಗೆ ಹಿಡಿದರು.

"ಕೇಳ್ತದಾ?"

"ಏನು?"

"ವಾಚು ಮಾರಾಯ್ರೆ, ವಾಚು!"

"ಯಾವ ವಾಚು?"

ಅವರು ಎದುರು ಬಂದು ಕೂತು, ಬಲಗಿವಿಯ ಕಡೆ ಬಾಗಿ ಹೇಳಿದರು. "ಎಡದ್ದು ಹೋಗಿಯೇ ಹೋಯ್ತು. ಬಲದ್ದು ಸ್ವಲ್ಪ ಉಂಟು. ನಾನು ರಿಪೋರ್ಟ್ ಬರೀಲೇಬೇಕು."

ರಿಪೋರ್ಟ್ ಹೋದರೆ ನಾನೂ ಅದರ ಹಿಂದೆಯೇ ಹೋಗಬೇಕು. ನಾಚಿಕೆ ಬಿಟ್ಟು ಕೈ ಮುಗಿದೆ. ಹೆಣ್ಣುಮಕ್ಕಳ ಫೋಟೋ ತೆಗೆದು ತೋರಿಸಿದೆ. ನರ್ಸಮ್ಮ ಫೋಟೋ ನೋಡಿ ವಾಪಸು ಕೊಟ್ಟರು. ಆಮೇಲೆ ಹೇಳಿದರು, "ಡಾಕ್ಟ್ರು ರಜೆಯಲ್ಲಿದ್ದಾರೆ. ಅವರು ಬರುವ ತನಕ ನಿಮ್ಮ ಫೈಲು ಅಡಿಯಲ್ಲಿ ಇಡ್ತೇನೆ. ಎರಡು ವಾರ. ಮತ್ತೆ ನನ್ನ ಕೈಯಲ್ಲಿ ಇಲ್ಲ. ಇಷ್ಟು ಹೇಳಿದ್ದು ಕೇಳಿತಾ?"

"ಅರ್ಧ ಕೇಳಿತು."

"ಒಳ್ಳೆ ಅರ್ಧವಾ, ಕೆಟ್ಟ ಅರ್ಧವಾ?"

೨. ಪರೀಕ್ಷಕನ ನೇಮಕ

ಮರುದಿನವೇ ಮುದೀರ್ ನನ್ನನ್ನು ಕರೆದು ಎದುರು ನಿಲ್ಲಿಸಿಕೊಂಡರು. ತುಟಿ ಕಾಣುವಷ್ಟು ಹತ್ತಿರವಿದ್ದು, ಬಲಗಿವಿ ಮುಂದೆ ಮಾಡಿದರೆ ನನಗೆ ಮುಕ್ಕಾಲು ಪಾಲು ತಿಳಿಯುತ್ತಿತ್ತು. ಅವರು ಅರಬಿ, ಹಿಂದಿ, ಇಂಗ್ಲಿಷ್ ಮೂರನ್ನೂ ಕಲಸಿ ಹೇಳಿದ್ದರ ಸಾರ ಇಷ್ಟು. ಚೀನಾದಿಂದ ಒಂದು ತಂಡ ಬಂದಿದೆ. ಅದರಲ್ಲಿ ಹದಿನೆಂಟು ಜನ ಹೈಸ್ಕೂಲು ಮುಗಿಸಿ ನೇರ ವಿಮಾನ ಹತ್ತಿದ ಹುಡುಗರು. ನೀರಿನ ಕೊಳವೆ ಎಳೆಯುವ ಕೆಲಸ. ಇಂಗ್ಲಿಷಿನಲ್ಲಿ ಓಡು ಎಂದರೆ ಓಡಬೇಕು, ಅಪಾಯ ಎಂದು ಬರೆದದ್ದನ್ನು ಓದಬೇಕು. ಅದು ಬಾರದವರನ್ನು ಬಾವಿಯ ಹತ್ತಿರ ಬಿಡುವುದಿಲ್ಲ. ಆದ್ದರಿಂದ ಎರಡು ಪರೀಕ್ಷೆ, ಒಂದು ಕೇಳುವುದು, ಇನ್ನೊಂದು ಓದುವುದು.

"ಪರೀಕ್ಷಕ ನೀನು."

"ಸರ್, ನಾನು ಟೈಪಿಸ್ಟ್."

"ಇಂಗ್ಲಿಷೇ ಅಲ್ಲವಾ ಟೈಪ್ ಮಾಡೋದು? ಹುಡುಗರು ಪಾಸಾದರೆ ನಿನಗೆ ಇಕಾಮಾ. ಫೇಲಾದರೆ ಅವರೂ ಖಲಾಸ್, ನೀನೂ ಖಲಾಸ್."

ಲೋಕದಲ್ಲಿ ಎಷ್ಟೋ ಪರೀಕ್ಷೆಗಳಿವೆ. ಗಣಿತವಿದೆ, ಚಿತ್ರಕಲೆಯಿದೆ. ಕಿವಿ ಹೋಯಿತೆಂದು ತೀರ್ಪಾದ ಮರುದಿನ ನನ್ನ ಪಾಲಿಗೆ ಬಂದದ್ದು ಕೇಳುವ ಪರೀಕ್ಷೆ. "ಓದುವುದೊಂದೇ ಸಾಲದೇ ಸರ್?" ಎಂದು ಮೆಲ್ಲನೆ ಕೇಳಿದೆ. ಅವರು ಬೇರೆ ಕಡೆ ತಿರುಗಿ ಏನೋ ಹೇಳಿದರು. ನಾನು ವಿಧೇಯನಾಗಿ ತಲೆಯಾಡಿಸಿದೆ. ಮರುದಿನ ಬೆಳಿಗ್ಗೆ ಏಳು ಗಂಟೆಗೆ ಹದಿನೆಂಟು ಹುಡುಗರು ಪೆನ್ನು ಹಿಡಿದು ಬಾಗಿಲಲ್ಲಿ ನಿಂತಾಗ, ನಾನು ತಲೆಯಾಡಿಸಿದ್ದು ಯಾವುದಕ್ಕೆ ಎಂದು ತಿಳಿಯಿತು.

೩. ಒಂಬತ್ತು ಅಂಕದ ಹುಡುಗ

ಹುಡುಗರನ್ನು ಆ ದಿನ ಹೇಗೋ ಸಾಗಹಾಕಿ, ನಮ್ಮ ಪಿಕಪ್ ಓಡಿಸುವ ಪಠಾಣ್ ಭಾಯಿಯ ಜೊತೆ ಫಹಾಹೀಲಿಗೆ ಹೋದೆ. ಇರಾಕಿ ಸೈನಿಕರು ಲೂಟಿ ಮಾಡಿ ಬಿಟ್ಟ ಪೇಟೆಯಲ್ಲಿ ಏನು ಸಿಗುತ್ತದೆ? ಅರ್ಧ ಸುಟ್ಟ ಅಂಗಡಿಯೊಂದರಲ್ಲಿ ಶಾಲಾ ಮಕ್ಕಳಿಗೆ ಇಂಗ್ಲಿಷ್ ಕಲಿಸುವ ಒಂದು ಕ್ಯಾಸೆಟ್, ಒಂದು ಪುಸ್ತಕ ಸಿಕ್ಕಿತು. ಕ್ಯಾಸೆಟ್ಟಿನಲ್ಲಿ ಹತ್ತು ವಾಕ್ಯ. ಒಂದೊಂದನ್ನೂ ಕೇಳಿ ಸರಿ ಅಥವಾ ತಪ್ಪು ಎಂದು ಗುರುತು ಹಾಕಬೇಕು. ಉತ್ತರಗಳು ಪುಸ್ತಕದ ಕೊನೆಯಲ್ಲಿ.

ಪರೀಕ್ಷೆ ನಡೆದದ್ದು ಡೇರೆಯೊಳಗೆ. ಬಾಗಿಲಲ್ಲೇ ಫಲಕ, ಕಿವಿಗೆ ಬಿರಡೆಯಿಲ್ಲದೆ ಪ್ರವೇಶವಿಲ್ಲ ಎಂದು. ಹುಡುಗರು ಅದನ್ನು ಓದಿದರು, ಪಾಲಿಸಿದರು. ಕೇಳುವ ಪರೀಕ್ಷೆಗೆ ಹದಿನೆಂಟು ಜನ ಕಿವಿ ಮುಚ್ಚಿಕೊಂಡು ಬಂದು ಕೂತರು. ತೆಗೆಸಲು ನನಗೆ ಧೈರ್ಯವಿಲ್ಲ, ಹೊರಗೆ ಕಾವಲಿನವನು ನಿಂತಿದ್ದಾನೆ. ದೇವರ ಮೇಲೆ ಭಾರ ಹಾಕಿ ಟೇಪ್ ರೆಕಾರ್ಡರಿನ ಗುಂಡಿ ಒತ್ತಿದೆ.

ನನಗೂ ಕೇಳುತ್ತಿಲ್ಲ ಎಂದು ಗೊತ್ತಾಗಬಾರದಲ್ಲ? ಸಂಗೀತ ಕಚೇರಿಯ ಮುಂದಿನ ಸಾಲಿನವರಂತೆ ಕಣ್ಣು ಅರ್ಧ ಮುಚ್ಚಿ ಆಗಾಗ ತಲೆದೂಗಿದೆ. ನಾನು ತಲೆದೂಗಿದಾಗಲೆಲ್ಲ ಹದಿನೆಂಟು ಪೆನ್ನುಗಳು ಒಂದೊಂದು ಗುರುತು ಹಾಕಿದವು. ಅರ್ಧ ಗಂಟೆಯಾದ ಮೇಲೆ ಕಾಗದ ಸಂಗ್ರಹಿಸಿ ತಿದ್ದಿದೆ. ಕೆಲವರಿಗೆ ಐದು, ಕೆಲವರಿಗೆ ಆರು, ಒಬ್ಬನಿಗೆ ಹತ್ತಕ್ಕೆ ಒಂಬತ್ತು! ಇಕಾಮಾ ಅರ್ಧ ಕೈಗೆ ಬಂದಂತೆ ಕುಣಿದಾಡಿದೆ.

ಅಷ್ಟರಲ್ಲಿ ಪಠಾಣ್ ಭಾಯಿ ಟೇಪ್ ರೆಕಾರ್ಡರ್ ಒಯ್ಯಲು ಬಂದ. ಅದನ್ನು ಎತ್ತಿ ನೋಡಿ, ನನ್ನ ಬಲಗಿವಿಗೆ ಬಾಯಿಟ್ಟು ಕೂಗಿದ.

"ಭಾಯಿ, ಇದರೊಳಗೆ ಸೆಲ್ ಇಲ್ಲ. ನಿನ್ನೆಯೇ ತೆಗೆದು ನನ್ನ ಟಾರ್ಚಿಗೆ ಹಾಕಿದ್ದೇನೆ."

ಉಳಿದವರನ್ನು ಬಿಡಿ. ಆ ಒಂಬತ್ತು ಅಂಕದವನು ಏನು ಕೇಳಿಸಿಕೊಂಡ ಎಂದು ಇವತ್ತಿಗೂ ಯೋಚಿಸುತ್ತೇನೆ.

೪. ಆಕಾಶದ ಬಣ್ಣ

ಓದುವ ಪರೀಕ್ಷೆಗಾದರೂ ಕಿವಿ ಬೇಡವಲ್ಲ ಎಂದು ಸಮಾಧಾನ ಮಾಡಿಕೊಂಡೆ. ಆದರೆ ಆ ದಿನ ಗಾಳಿ ನಮ್ಮ ಕಡೆ ತಿರುಗಿ, ಮಧ್ಯಾಹ್ನ ಹನ್ನೆರಡಕ್ಕೆ ಕಗ್ಗತ್ತಲೆ. ಮೊದಲ ಪರೀಕ್ಷೆಯಲ್ಲಿ ಕೇಳಿಸಲಿಲ್ಲ, ಎರಡನೆಯದರಲ್ಲಿ ಕಾಣಿಸುವುದಿಲ್ಲ. ಪಠಾಣ್ ಭಾಯಿ ಪಿಕಪ್ಪನ್ನು ಡೇರೆಯ ಬಾಯಿಗೆ ನಿಲ್ಲಿಸಿ ದೀಪ ಹಾಕಿದ. ಆ ಬೆಳಕಿನಲ್ಲಿ ಹುಡುಗರು ಬಾಗಿ ಬಾಗಿ ಓದಿದರು. ಹೊಗೆಯ ಜೊತೆ ಒಳಗೆ ನುಗ್ಗಿದ ಎಣ್ಣೆಯ ಹನಿಗಳು ಕಾಗದದ ಮೇಲೆ ಬೀಳುತ್ತಿದ್ದವು. ಒರೆಸಿದರೆ ಅಕ್ಷರವೇ ಮಾಯ.

ಪುಸ್ತಕದ ಪಾಠ ಒಂದು ವನಭೋಜನದ್ದು. ಮಕ್ಕಳು ಹುಲ್ಲಿನ ಮೇಲೆ ಕೂತಿದ್ದಾರೆ, ಹಕ್ಕಿ ಹಾಡುತ್ತಿದೆ, ಆಕಾಶ ನೀಲಿಯಾಗಿದೆ. ಮೊದಲನೇ ಪ್ರಶ್ನೆ, ಆಕಾಶದ ಬಣ್ಣ ಯಾವುದು?

ಹದಿನೇಳು ಜನ "ಬ್ಲ್ಯಾಕ್" ಎಂದು ಬರೆದಿದ್ದರು. ಒಂಬತ್ತು ಅಂಕ ತೆಗೆದಿದ್ದ ಹುಡುಗ ಮಾತ್ರ ಬೇರೆ ಬರೆದಿದ್ದ. "ಬಿಫೋರ್, ಬ್ಲೂ."

ಮೊದಲು ನೀಲಿ. ಅದನ್ನು ಎರಡು ಸಲ ಓದಿದೆ. ಆ ಹುಡುಗ ಕುವೈತಿನ ನೀಲಿ ಆಕಾಶವನ್ನು ಕಂಡವನೇ ಅಲ್ಲ. ಹನ್ನೆರಡು ವರ್ಷ ಕಂಡ ನಾನೇ ಅದನ್ನು ಮರೆತಿದ್ದೆ. ಹದಿನೆಂಟು ಜನರಿಗೂ ಪೂರ್ಣ ಅಂಕ ಕೊಟ್ಟೆ.

ಮುದೀರ್ ಕಾಗದಗಳನ್ನು ತಿರುವಿ ನೋಡಿ ಹುಬ್ಬೇರಿಸಿದರು. "ಪುಸ್ತಕದಲ್ಲಿ ಬ್ಲೂ ಎಂದಿದೆ."

"ಸರ್, ಹೊರಗೆ ಬಂದು ನೋಡಿ."

"ಯಾಕೆ ಹೊರಗೆ? ಪುಸ್ತಕ ಒಳಗಿದೆ."

೫. ದೊಡ್ಡ ಸಾಹೇಬರು ಬಂದರು

ನನ್ನ ಪರೀಕ್ಷೆಗಳನ್ನು ಯಾರೂ ನಂಬಲಿಲ್ಲ. ಸುರಕ್ಷತೆಯ ದೊಡ್ಡ ಸಾಹೇಬರು, ಒಬ್ಬ ವಿದೇಶಿ, ತಾವೇ ಬಂದು ಬಾವಿಯ ಹತ್ತಿರ ಪರೀಕ್ಷೆ ಮಾಡುತ್ತಾರೆಂದು ಸುದ್ದಿ ಬಂತು. ಅವರು ಬರಲು ಉಳಿದದ್ದು ಆರು ದಿನ. ಹಗಲೆಲ್ಲ ಹುಡುಗರಿಗೆ ಪಾಠ ಮಾಡಿದೆ. ಆ ಗದ್ದಲದಲ್ಲಿ ಬಾಯಿಯಿಂದ ಕಲಿಸಲು ಸಾಧ್ಯವೇ? ಓಡು ಎಂದರೆ ನಾನೇ ಓಡಿದೆ, ಮಲಗು ಎಂದರೆ ನಾನೇ ಮರಳಿನಲ್ಲಿ ಬಿದ್ದೆ. ಈ ನಲವತ್ತಮೂರು ವರ್ಷದ ಹೊಟ್ಟೆ ಹೊತ್ತುಕೊಂಡು! ಹುಡುಗರು ಕಲಿತರು, ಆದರೆ ಇಂಗ್ಲಿಷನ್ನಲ್ಲ. ಟೀಚರ್ ಏನು ಮಾಡುತ್ತಾನೋ ಅದನ್ನು ಮಾಡಬೇಕು ಎಂಬುದನ್ನು ಕಲಿತರು.

ಸಾಹೇಬರು ಬಂದ ದಿನ ಫಲಕ ಓದುವುದರಲ್ಲಿ ಹುಡುಗರು ನಿಜವಾಗಿಯೂ ಗೆದ್ದರು. ಸಾಹೇಬರು ತೋರಿಸಿದ ಒಂದೊಂದು ಫಲಕದ ಅರ್ಥವನ್ನೂ ನಟಿಸಿ ತೋರಿಸಿದರು. ಆಮೇಲೆ ಕೇಳುವ ಪರೀಕ್ಷೆ. ಸಾಹೇಬರು ದೂರ ನಿಂತು ಮೆಗಾಫೋನ್ ಎತ್ತಿದರು. ಹೊಗೆಗೆಂದು ಮೂಗುಬಾಯಿಗೆ ಬಟ್ಟೆ ಕಟ್ಟಿಕೊಂಡಿದ್ದರು, ತುಟಿ ಓದುವ ನನ್ನ ಕೊನೆಯ ಆಸೆಯೂ ಹೋಯಿತು. ಮೆಗಾಫೋನ್ ಅಲ್ಲಾಡಿತು, ಆಜ್ಞೆ ಹೊರಟಿತು.

ಹದಿನೆಂಟು ಜನ ನನ್ನನ್ನು ನೋಡಿದರು. ನಾನು ಹದಿನೆಂಟು ಜನರನ್ನು ನೋಡಿದೆ.

ಓಡಲೇ? ಮಲಗಲೇ? ತಪ್ಪು ಮಾಡಿದರೆ ನನ್ನ ಜೊತೆ ಹದಿನೆಂಟು ಜನ ತಪ್ಪು ಮಾಡುತ್ತಾರೆ. ಬೆವರು ಕಣ್ಣಿಗೆ ಇಳಿಯಿತು. ಒರೆಸಿದರೆ ಅವರೂ ಒರೆಸಿಯಾರು ಎಂದು ಒರೆಸಲಿಲ್ಲ. ಮೂಗಿನ ಮೇಲೆ ನೊಣ ಕೂತಿತು, ಅದನ್ನೂ ಸಹಿಸಿದೆ. ಒಂದು ನಿಮಿಷವೋ ಒಂದು ಯುಗವೋ ಹಾಗೇ ಕಲ್ಲಾಗಿ ನಿಂತೆವು. ಆಯಿತು, ಸಾಮಾನು ಕಟ್ಟುವುದೇ ಸರಿ ಎಂದುಕೊಂಡೆ.

ಸಾಹೇಬರು ದಾಪುಗಾಲು ಹಾಕಿ ಬಂದವರು ನನ್ನ ಕೈ ಹಿಡಿದು ಕುಲುಕಿದರು. ಏನಾಯಿತೆಂದು ಆಮೇಲೆ ಮುದೀರ್ ಬಲಗಿವಿಗೆ ಕೂಗಿ ಹೇಳಿದರು. ಸಾಹೇಬರ ಆಜ್ಞೆ ಇಷ್ಟೇ ಆಗಿತ್ತು, "ಇದ್ದಲ್ಲೇ ನಿಲ್ಲಿ, ಯಾರೂ ಅಲುಗಾಡಬೇಡಿ."

೬. ಕೊನೆಯ ಕಾಗದ

ಮರುದಿನ ಮುದೀರ್ ನಗುತ್ತ ಇಕಾಮಾದ ಅರ್ಜಿಯನ್ನು ನನ್ನ ಮುಂದೆ ಹಿಡಿದರು. ಸಾಹೇಬರೇ ಶಿಫಾರಸು ಮಾಡಿ ನನಗೆ ಹೊಸ ಕೆಲಸ ಕೊಟ್ಟಿದ್ದರು. ಗಾಳಿ ತಿರುಗಿದರೆ, ವಿಷದ ಗ್ಯಾಸ್ ಬಂದರೆ ದೂರದ ಕ್ಯಾಂಪಿನಿಂದ ಸೈರನ್ ಊದುತ್ತಾರೆ. ಹುಡುಗರ ಕಿವಿಯಲ್ಲಿ ಬಿರಡೆ, ಅವರಿಗೆ ಕೇಳುವುದಿಲ್ಲ. ಅದಕ್ಕೆ ಒಬ್ಬ ಹುಷಾರಿನ ಮನುಷ್ಯ ಪಕ್ಕದಲ್ಲಿ ನಿಂತು, ಸೈರನ್ ಕೇಳಿದ ಕೂಡಲೇ ಕೆಂಪು ಬಾವುಟ ಎತ್ತಬೇಕು. ಬಾವುಟ ಕಂಡರೆ ಹುಡುಗರು ಓಡುತ್ತಾರೆ.

ಅರ್ಜಿಯಲ್ಲಿ ಕೆಲಸದ ಹೆಸರು ಟೈಪ್ ಆಗಿತ್ತು: ಸೈರನ್ ಕೇಳುವವನು.

ಸಹಿ ಹಾಕಲು ಪೆನ್ನು ತೆಗೆದೆ. ಸುಳ್ಳು ಯಾಕೆ ಹೇಳಲಿ, ತೆಗೆದೆ. ಹೆಣ್ಣುಮಕ್ಕಳು ಕಣ್ಣ ಮುಂದೆ ಬಂದರು. ಅವರ ಹಿಂದೆಯೇ ಆ ಬಿಫೋರ್ ಬ್ಲೂ ಹುಡುಗನೂ ಬಂದು, ಟೀಚರ್ ಏನು ಮಾಡುತ್ತಾನೆಂದು ನೋಡುತ್ತ ನಿಂತ. ಸೈರನ್ ಕೂಗುತ್ತದೆ, ನಾನು ಬಾವುಟ ಹಿಡಿದು ಸುಮ್ಮನೆ ನಿಂತಿರುತ್ತೇನೆ, ಹದಿನೆಂಟು ಮಕ್ಕಳೂ ಸುಮ್ಮನೆ ನಿಂತಿರುತ್ತಾರೆ. ಪೆನ್ನು ಮೇಜಿನ ಮೇಲಿಟ್ಟೆ.

"ಸರ್, ನನಗೆ ಕಿವಿ ಕೇಳಿಸುವುದಿಲ್ಲ. ಎರಡು ವಾರವಾಯಿತು. ಆ ಕೆಲಸಕ್ಕೆ ಪಠಾಣ್ ಭಾಯಿಯನ್ನು ಹಾಕಿ. ಅವನ ಕಿವಿ ಚೆನ್ನಾಗಿದೆ."

ಮುದೀರ್ ಎದ್ದು ನಿಂತರು. ಕಿಟಕಿಯ ಕಡೆ ನಡೆದರು, ಬೆನ್ನು ತಿರುಗಿಸಿ ಬಹಳ ಹೊತ್ತು ಮಾತಾಡಿದರು. ಕೈ ಮೇಲೆ ಹೋಯಿತು, ಕೆಳಗೆ ಬಂತು. ಬೈದರೋ, ಹೊಗಳಿದರೋ, ತಮ್ಮ ಕಷ್ಟವನ್ನೇ ತೋಡಿಕೊಂಡರೋ, ದೇವರಾಣೆಗೂ ನನಗೆ ಗೊತ್ತಿಲ್ಲ. ನಿಂತಲ್ಲೇ ತಲೆಯಾಡಿಸುತ್ತಿದ್ದೆ. ತಿರುಗಿ ನೋಡಿದಾಗ ಅವರಿಗೆ ವಿಷಯ ಹೊಳೆದಿರಬೇಕು. ಕೂತು, ಒಂದು ಕಾಗದದಲ್ಲಿ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆದು ನನ್ನ ಕಡೆ ತಳ್ಳಿದರು.

ಓದಿದೆ. ನನ್ನನ್ನು ಕೆಲಸದಿಂದ ತೆಗೆದು ಊರಿಗೆ ಕಳಿಸುವ ಪತ್ರದ ಕರಡು. ಕೇಳುವ ಪರೀಕ್ಷೆಯಲ್ಲಿ ಫೇಲಾದವನು ಓದುವುದರಲ್ಲಿ ಪಾಸಾದೆ.

ಇನ್ನೇನು, ಕಾಗದ ಮಡಚಿ ಜೇಬಿಗೆ ಹಾಕಿಕೊಂಡು ಹೊರಟೆ. ಮುದೀರ್ ನನ್ನ ತೋಳು ಹಿಡಿದು ನಿಲ್ಲಿಸಿದರು. ಕಚೇರಿಯಲ್ಲಿ ಟೈಪ್ ಬರುವವನು ನಾನೊಬ್ಬನೇ. ಅವರು ಟೈಪ್‌ರೈಟರಿನ ಕಡೆ ಕೈ ತೋರಿಸಿ, ನನಗೆ ಚೆನ್ನಾಗಿ ಕಾಣುವ ಹಾಗೆ ಮೂರು ಬೆರಳು ಎತ್ತಿದರು. ಮೂರು ಪ್ರತಿ.