ಮೂರು ಹಾಡಿಗೊಂದೇ ರಿದಿಮ್

ನಮ್ಮ ಸೋದರಮಾವನಷ್ಟು ಜಿಪುಣ ಸಂಗೀತಗಾರ ಇಡೀ ಬೈಲಹೊಂಗಲದಲ್ಲಿ ಇನ್ನೊಬ್ಬನಿಲ್ಲ. ಇಲ್ಲಿಯವರೆಗೆ ಕಟ್ಟಿದ್ದು ಒಂದೇ ತಾಳ. ಅದನ್ನೇ ಊರಿಗೆಲ್ಲ ಹಂಚುತ್ತಾನೆ!

ಮದುವೆಗಳಿಗೆ ಸ್ಪೀಕರ್ ಬಾಡಿಗೆ ಕೊಡುವ ಮಾವನ ತಲೆಗೆ ರೆಗೆ ಸಂಗೀತ ಹೊಕ್ಕಿದ್ದು ಮೊಬೈಲಿನಿಂದ. ಜಮೈಕಾದಲ್ಲಿ ಬಾಸ್ ಗಿಟಾರು, ಡ್ರಮ್ಮು ಒಮ್ಮೆ ಬಾರಿಸಿ ರೆಕಾರ್ಡ್ ಮಾಡಿಡುತ್ತಾರಂತೆ. ಅದಕ್ಕೆ ರಿದಿಮ್ ಅನ್ನುತ್ತಾರಂತೆ. ಅದೊಂದರ ಮೇಲೆ ಹತ್ತು ಮಂದಿ ಹತ್ತು ಹಾಡು ಹಾಡುತ್ತಾರಂತೆ. ಸರಿ, ಮಾವ ಮನೆಯ ಕೌದಿಗಳನ್ನೆಲ್ಲ ಗೋಡೆಗೆ ಹೊಡೆದು ಹಿಂದಿನ ಕೋಣೆಯನ್ನು ಸ್ಟುಡಿಯೋ ಮಾಡಿದ. ಅತ್ತೆ ಆ ಚಳಿಗಾಲವೆಲ್ಲ ಸೀರೆ ಹೊದ್ದು ಮಲಗಿದಳು!

ರಿದಿಮ್ಮೋ, ಎತ್ತು ಮೆಲುಕು ಹಾಕಿದಷ್ಟು ನಿಧಾನ.

"ಮಾಮಾ, ನಡುವ ಏಟು ಬಿಟ್ಟೀಯಲ್ಲ?"

"ಹಾಡಾವ್ರು ಅಲ್ಲೇ ಕುಂದ್ರೂದು. ನಿನ್ನಂಗ ಒಬ್ಬನ ವಟವಟ ಅಂದ್ರ ಉಳದವ್ರು ಎಲ್ಲಿಗೆ ಹೋಗಬೇಕಲೇ?"

ಆ ಖಾಲಿ ಜಾಗಕ್ಕೆ ಮೂವರು ಬಂದರು. ಚಚಡಿಯ ಅಜ್ಜಿ ಬೀಸುವ ಹಾಡು ಹಾಡಿದಳು. ಮಾವನ ಬಾಲ್ಯದ ದೋಸ್ತ, ಸಂಗೊಳ್ಳಿಯ ಬಸ್ ಕಂಡಕ್ಟರ್ ಲಾವಣಿ ಹಾಡಿದ. ಸವದತ್ತಿಯ ನರ್ಸಕ್ಕ ತಮ್ಮ ದಲಿತ ಓಣಿಯ ಬುದ್ಧನ ಹಾಡು ಹಾಡಿದಳು.

ತನ್ನ ಲಾವಣಿಯ ತಾಳಕ್ಕೇ ನರ್ಸಕ್ಕನೂ ಹಾಡಿದ್ದು ತಿಳಿದು ಕಂಡಕ್ಟರ್ ಸಿಡಿದ.

"ಅವರ ಓಣಿ ಹಾಡಿಗೂ ನಮ್ಮ ಹಾಡಿಗೂ ಒಂದ ತಾಳ ಏನೋ? ಅಕೀದು ಅಳಸು. ಇಲ್ಲಾಂದ್ರ ನಂದು ತಗದ ಕೊಡು."

"ಮಲಪ್ರಭಾ ನೀರು ನಿನ್ನ ಹೊಲಕ್ಕ ಬಂದ ಮ್ಯಾಲೆ ಮುಂದಿನ ಹೊಲಕ್ಕ ಹರೀಬಾರದೇನು? ಅಕೀ ಹಾಡು ಅಳಸಂಗಿಲ್ಲ. ತಗೋ ನಿಂದು!"

ಮಾವ ಪೆನ್‌ಡ್ರೈವಿಗೆ ಹಾಕಿ ಕೊಟ್ಟೇಬಿಟ್ಟ. ಬರೀ ದನಿ! ತಾಳ ಎಲ್ಲರದು, ಅದನ್ನು ಕೊಡುವ ಹಾಗಿಲ್ಲವಲ್ಲ.

ಕಂಡಕ್ಟರ್ ಅದನ್ನು ರಾಮದುರ್ಗದ ಬಸ್ಸಿನಲ್ಲಿ ಹಚ್ಚಿಸಿದ. ತಾಳವಿಲ್ಲದ ಲಾವಣಿ, ಒಬ್ಬನೇ ಕುಳಿತು ಸೀಟಿಗಾಗಿ ಜಗಳಾಡಿದಂತಿತ್ತು. "ಯಾರಿಗಿ ಬಯ್ಯಾಕ ಹತ್ತ್ಯಾನವ್ವಾ ಇಂವಾ?" ಎಂದಳಂತೆ ಒಬ್ಬ ಮುದುಕಿ. ಅದಷ್ಟನ್ನೂ ನಾನು ಮುದುಕಿಯಾಗಿ, ಕಂಡಕ್ಟರನಾಗಿ, ಬಸ್ಸೂ ಆಗಿ ಊಟಕ್ಕೆ ಕುಳಿತ ಮಾವನಿಗೆ ಮಾಡಿ ತೋರಿಸಿದೆ. ಮಾವ ನಗಲಿಲ್ಲ. ಮೂವತ್ತು ವರ್ಷದ ದೋಸ್ತಿ. ತಾಟಿನಲ್ಲಿ ರೊಟ್ಟಿ ಹಾಗೇ ಉಳಿದಿತ್ತು.

ನಾಲ್ಕನೆಯ ದಿನ ನರ್ಸಕ್ಕ ತನ್ನ ಹಾಡನ್ನು ಇನ್ನೊಮ್ಮೆ ಹಾಡಲು ಬಂದು ಮೈಕಿನ ಮುಂದಿದ್ದಾಗ ಕಂಡಕ್ಟರ್ ಬಾಗಿಲಲ್ಲಿ ನಿಂತ.

"ನಂದು ಮೊದಲಿನಂಗ ತಾಳಕ್ಕ ಕೂಡಸೋ."

"ಅಕೀ ಹಾಡಿಗೆ ಹಿಮ್ಮೇಳ ಹಾಡು, ಕೂಡಸ್ತೇನಿ."

"ಹಿಮ್ಮೇಳ? ನಾನ?"

ನರ್ಸಕ್ಕ ತಿರುಗಿದಳು. "ಅಣ್ಣಾರ, ನೀವೇನು ನನಗ ಉಪಕಾರ ಮಾಡೂದು ಬ್ಯಾಡ. ಶ್ರುತಿಯೊಳಗ ಹಾಡ್ರಿ ಸಾಕು. ನನಗ ಎರಡಕ್ಕ ಡ್ಯೂಟಿ ಐತಿ."

ಕಂಡಕ್ಟರ್ ಚಪ್ಪಲಿ ಬಿಟ್ಟು ಒಳಗೆ ಬಂದ. ಇಬ್ಬರೂ ಹೆಡ್‌ಫೋನ್ ಹಾಕಿಕೊಂಡರು. ಅವಳ ದನಿ ಮುಂದೆ ಹೋಯಿತು, ಅವನದು ಹಿಂದೆ.

ಬಟನ್ ಮೇಲಿನ ಮಾವನ ಕೈ ನಡುಗುತ್ತಿತ್ತು. "ಮಾಮಾ, ಕೈ ನೋಡ್ಕೋ!" ಎಂದು ಪಿಸುಗುಟ್ಟಿದೆ.

"ಬಾಸ್ ಜೋರೈತಲೇ ಹುಚ್ಚ, ಮನೀನ ನಡಗಾಕ ಹತ್ತೈತಿ" ಎಂದು ಮಾವ ಮುಖವನ್ನು ಕೌದಿಯ ಕಡೆ ತಿರುಗಿಸಿದ.

ರೆಕಾರ್ಡಿಂಗ್ ಎಂದು ಸ್ಪೀಕರ್ ಬಂದ್ ಮಾಡಿದ್ದೆವು. ಬಾಸ್ ಇದ್ದದ್ದು ಆ ಇಬ್ಬರ ಕಿವಿಯಲ್ಲಷ್ಟೇ.

ಊರವರನ್ನೆಲ್ಲ ಅಣಕಿಸುವ ನಾನು, ಮಾವನ ಆ ಮಾತೊಂದನ್ನು ಇವತ್ತಿಗೂ ಅಣಕಿಸಿಲ್ಲ.