ಅಕ್ಕ ಆರಿಸಿದ ಡೈ

ನಮ್ಮಕ್ಕನಷ್ಟು ಸಾಧು ಹೆಂಗಸು ಇಡೀ ನ್ಯೂಜಿಲೆಂಡಿನಲ್ಲಿಲ್ಲ. ಮೊಟ್ಟೆ ಹಾಕಿದ ಕೇಕು ಮುಟ್ಟುವುದಿಲ್ಲ. ಜೇಡ ಕಂಡರೆ ಲೋಟದಲ್ಲಿ ಹಿಡಿದು ತೋಟಕ್ಕೆ ಬಿಟ್ಟು ಬರುತ್ತಾಳೆ. ಗ್ಯಾರೇಜಿನ ಕಬ್ಬಿಣದ ಬೀರುವಿನಲ್ಲಿ ಎರಡು ರೈಫಲ್ ಇಟ್ಟಿದ್ದಾಳೆ, ಅಷ್ಟೆ!

ಗಾಬರಿಯಾಗಬೇಡಿ, ಅವಳು ಹೊಡೆಯುವುದು ಬರೀ ಕಾಗದವನ್ನು. ಮೈಸೂರಿನಿಂದ ಇಲ್ಲಿನ ಲೋವರ್ ಹಟ್ ಎಂಬ ಊರಿಗೆ ಬಂದು ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದವಳು, ಒಂದು ಶನಿವಾರ ಜೊತೆಯವರು ಕರೆದರೆಂದು ಗುರಿ ಹೊಡೆಯುವ ಕ್ಲಬ್ಬಿಗೆ ಹೋದಳು. ವರ್ಷ ತಿರುಗುವುದರೊಳಗೆ ಕಪ್ ತಂದಳು! ಚಿಕ್ಕಂದಿನಿಂದ ಇವಳದು ಇದೇ ಹಾಡು. ನಾನು ಸಂಗೀತಕ್ಕೆ ಸೇರಿದರೆ ಇವಳೂ ಸೇರುವಳು, ಬಹುಮಾನ ಮಾತ್ರ ಇವಳಿಗೆ. ತಪ್ಪಿಸಿಕೊಳ್ಳೋಣವೆಂದು ಆಕ್ಲೆಂಡಿನ ಸ್ಯಾಂಡ್ರಿಂಗಮ್ಮಿನಲ್ಲಿ ಮನೆ ಮಾಡಿದರೆ ಅವಳ ಕೀರ್ತಿ ಅಲ್ಲಿಗೂ ಬಂತು.

"ದೊಡ್ಡಮ್ಮ ಈಸ್ ಸೋ ಕೂಲ್!" ಅಂದಳು ನನ್ನ ಮಗಳು.

"ಮತ್ತೆ ನಾನು?"

ಸ್ವಲ್ಪ ಯೋಚಿಸಿದಳು. "ಯು ಮೇಕ್ ನೈಸ್ ಸಾರು."

ಹೊಟ್ಟೆ ಉರಿಯದೆ ತಣ್ಣಗಿರುತ್ತದೆಯೇ, ನೀವೇ ಹೇಳಿ!

ಇಂಟರ್‌ನೆಟ್ ಹಾಕಿದರೆ ಫೋನ್ ಸಿಗದಿದ್ದ ಕಾಲ ಅದು. ಅಕ್ಕನ ಫೋನ್ ವಾರಗಟ್ಟಲೆ ಎಂಗೇಜ್. ಕೊನೆಗೊಂದು ಸಂಜೆ ಅವಳೇ ಮಾಡಿದಳು. "ಲೇ, ಒಂದು ಡೈ ತಗೋಬೇಕು ಕಣೇ. ಎಷ್ಟು ಓದಿದ್ರೂ ಯಾವುದು ಅಂತ ತೀರ್ಮಾನ ಆಗ್ತಿಲ್ಲ."

ನನಗಾದ ಸಂತೋಷ! ಕಡೆಗೂ ಅಕ್ಕನ ಕೂದಲು ನೆರೆಯಿತು! "ಕಪ್ಪು ಬೇಡ, ವಯಸ್ಸು ಎದ್ದು ಕಾಣತ್ತೆ. ಬ್ರೌನ್ ಹಾಕ್ಕೋ," ಅಂದೆ.

"ಕೂದಲಿಗಲ್ವೇ ದಡ್ಡಿ, ಹಿತ್ತಾಳೆಗೆ!"

ಆಮೇಲೆ ಪಾಠವಾಯಿತು. ಗುಂಡು ಹಾರಿದ ಮೇಲೆ ಹಿತ್ತಾಳೆಯ ಖಾಲಿ ಚಿಪ್ಪು ಉಳಿಯುತ್ತದೆ. ಅದು ಉಬ್ಬಿಕೊಂಡಿರುತ್ತದೆ. ಮತ್ತೆ ಮದ್ದು ತುಂಬಬೇಕಾದರೆ ಡೈ ಎಂಬ ಉಕ್ಕಿನ ಅಚ್ಚಿನೊಳಗೆ ಒತ್ತಿ ಅಳತೆಗೆ ತರಬೇಕು. ಒಂದು ಬಗೆಯ ಡೈ ಮೈಯನ್ನೆಲ್ಲ ಹಿಂಡುತ್ತದೆ, ಇನ್ನೊಂದು ಗುಂಡು ಕೂರುವ ಕುತ್ತಿಗೆಯನ್ನಷ್ಟೇ ಮೆಲ್ಲಗೆ ಒತ್ತುತ್ತದೆ.

"ಪ್ರತಿ ಸಲ ಹಿಂಡಿದ್ರೆ ಅದರ ಆಯಸ್ಸು ಬೇಗ ಮುಗಿದುಹೋಗತ್ತೆ. ಕುತ್ತಿಗೆ ಸೀಳತ್ತೆ, ಪಾಪ!"

ಪಾಪವಂತೆ! ಕಂಪ್ಯೂಟರ್ ಮುಂದೆ ಕೂತು ನನ್ನ ಕುತ್ತಿಗೆ ಹಿಡಿದುಕೊಂಡಾಗ ಈಕೆ ಹೇಳಿದ್ದು, "ನೆಟ್ಟಗೆ ಕೂತ್ಕೋ."

ರಜಕ್ಕೆ ಅವಳಲ್ಲಿಗೆ ಹೋದಾಗ ಡೈ ಆರಿಸಲು ನನ್ನನ್ನೂ ಅಂಗಡಿಗೆ ಎಳೆದೊಯ್ದಳು. ಬಂದೂಕಿನಂಗಡಿಯಲ್ಲಿ ಥೇಟ್ ಸೀರೆ ವ್ಯಾಪಾರ! "ಇದೇ ಥರ ಇನ್ನೊಂದು ತೋರಿಸಿ," "ಇದು ಒರಟಾಯ್ತು," "ಒಳಗಡೆ ಇನ್ನೂ ನುಣುಪಾಗಿರೋದು ಇಲ್ವಾ?" ಪೆಟ್ಟಿಗೆಗಳ ಹಿಂದೆ ಅಂಗಡಿಯವನೇ ಮುಚ್ಚಿಹೋದ. ಕೊನೆಗೆ ಕುತ್ತಿಗೆಯನ್ನಷ್ಟೇ ಒತ್ತುವ ಡೈ ಆರಿಸಿದಳು. ಅವನು ನನ್ನತ್ತ ತಿರುಗಿ, "ನಿಮ್ಮಕ್ಕನಂಥ ಗಿರಾಕಿ ಸಿಗೋದಿಲ್ಲ," ಎಂದ. ಅವನೂ!

ಕೆಲವು ತಿಂಗಳ ಮೇಲೆ ಅಕ್ಕನ ಫೋನ್ ಬಂತು. "ಗುರಿ ತಪ್ತಾ ಇದೆ. ಕ್ಲಬ್ಬಿನವರೆಲ್ಲ ಹೊಸ ಡೈದೇ ತಪ್ಪು ಅಂತಾರೆ. ನೀನು ಬಾ."

ನನಗೇನು ತಿಳಿಯುತ್ತದೆಂದು ಕರೆದಳೋ! ಆದರೂ ಅಕ್ಕ ಗುರಿ ತಪ್ಪುವುದನ್ನು ನೋಡುವ ಭಾಗ್ಯ ಬಿಡಲಾದೀತೇ? ಮೊದಲ ವಿಮಾನಕ್ಕೇ ಹೊರಟೆ.

ಕ್ಲಬ್ಬಿನ ಮೈದಾನದಲ್ಲಿ ದೂರದರ್ಶಕದ ಮುಂದೆ ನನ್ನನ್ನು ಕೂರಿಸಿದಳು. ಐದು ಗುಂಡು ಹೊಡೆದಳು. ಕಾಗದದ ಮೇಲೆ ತೂತುಗಳು ದಿಕ್ಕಿಗೊಂದು ಚೆದುರಿದ್ದವು. ಅವಳ ಹಳೆಯ ಸ್ನೇಹಿತ, ಕ್ಲಬ್ಬಿನ ಮುದುಕ, "ಇಟ್ಸ್ ಜಸ್ಟ್ ದ ವಿಂಡ್, ಲವ್," ಎಂದ. ಹುಲ್ಲಿನ ಒಂದೆಳೆಯೂ ಅಲುಗುತ್ತಿರಲಿಲ್ಲ.

ಅಕ್ಕ ತನ್ನ ರೈಫಲ್ಲನ್ನೂ ಅದೇ ಡೈಯಲ್ಲಿ ತಯಾರಾದ ಗುಂಡುಗಳನ್ನೂ ಅವನಿಗೆ ಕೊಟ್ಟಳು. ಅವನು ಹೊಡೆದದ್ದೆಲ್ಲ ನಟ್ಟನಡುವೆ ಹೋಗಿ ಕೂತಿತು. ಮುದುಕ ತಲೆಯೆತ್ತಲಿಲ್ಲ, ಕನ್ನಡಕ ಒರೆಸತೊಡಗಿದ.

"ನೀನು ಹೇಳೇ," ಅಂದಳು ಅಕ್ಕ.

ದೂರದರ್ಶಕ ಬಿಟ್ಟು ಎದ್ದೆ. "ಡೈ ಚೆನ್ನಾಗಿದೆ ಅಕ್ಕ. ನಿನ್ನ ಕಣ್ಣು ಸರಿಯಿಲ್ಲ."

ಅವಳು ನಿಧಾನವಾಗಿ ತಲೆಯಾಡಿಸಿದಳು. "ಬಲಗಣ್ಣು ಮಂಜಾಗಿದೆ ಅನ್ನಿಸ್ತಿತ್ತು. ಡಾಕ್ಟರ ಹತ್ರ ಹೋಗೋಕೆ ಭಯ ಕಣೇ. ಇವರೆಲ್ಲ ನನಗೆ ನೋವಾಗತ್ತೆ ಅಂತ ಸುಳ್ಳು ಹೇಳ್ತಾರೆ. ಹೊಟ್ಟೆಕಿಚ್ಚಿಗಾದ್ರೂ ನೀನು ನಿಜ ಹೇಳ್ತೀಯ ಅಂತ ಕರೆಸಿದೆ."

ಅಂದರೆ ನನ್ನ ಹೊಟ್ಟೆಕಿಚ್ಚು ಅವಳಿಗೆ ಮೊದಲಿಂದಲೂ ಗೊತ್ತಿತ್ತು!

ಕಾರಿನ ಕಡೆ ಹೊರಟೆವು. ಇಳಿಜಾರಿನಲ್ಲಿ ಅಕ್ಕ ತಡವರಿಸಿ ಹಿಂದಿನಿಂದ ನನ್ನ ಸ್ವೆಟರಿನ ಅಂಚು ಹಿಡಿದುಕೊಂಡಳು. ನಾನು ಮುಂದೆ, ಅವಳು ಹಿಂದೆ. ಜೀವಮಾನವೆಲ್ಲ ನಾನು ಕೇಳಿಕೊಂಡದ್ದು ಇದನ್ನೇ ಅಲ್ಲವೇ? ಹಾಗೆ ಎರಡು ಹೆಜ್ಜೆಯೂ ನಡೆಯಲಾಗಲಿಲ್ಲ. ನಿಂತು, ಅವಳು ನನ್ನ ಪಕ್ಕಕ್ಕೆ ಬರುವವರೆಗೂ ಕಾದೆ.