ಎರಡು ಕೊಳವೆ ಎಂಜಲು

ನಿತಿನನ ನೌಕರಿ ಆ ದಿನ ನಿಂತಿದ್ದದ್ದು ಎರಡು ಚಿಕ್ಕ ಕೊಳವೆ ಎಂಜಲಿನ ಮೇಲೆ. ಅದೂ ಅವನ ಎಂಜಲಲ್ಲ. ಅರವತ್ತು ದಾಟಿದ ನಾಗಮ್ಮ ಮತ್ತು ಹೀರಾ ಎಂಬ ಅವಳಿ ಅಕ್ಕತಂಗಿಯರದ್ದು.

ಕಾರವಾರದ ಸಂಶೋಧನಾ ಕೇಂದ್ರವೊಂದರಲ್ಲಿ ಅವನು ಸಹಾಯಕ. ಅಲ್ಲಿ ಸ್ತನ ಕ್ಯಾನ್ಸರಿನ ಎಪಿಜೆನೆಟಿಕ್ಸ್ ಅಧ್ಯಯನ ನಡೆದಿತ್ತು. ಹುಟ್ಟುವಾಗ ತಂದ ಜೀನುಗಳ ಮೇಲೆ ಊಟ, ಹೊಗೆ, ಚಿಂತೆ, ವಯಸ್ಸು ಎಂಥ ಗುರುತು ಹಾಕುತ್ತವೆ ಎಂದು ನೋಡುವ ವಿದ್ಯೆ ಅದು. ನಾಗಮ್ಮ, ಹೀರಾ ಒಂದೇ ಅಚ್ಚಿನವರು, ಜೀನುಗಳೂ ಒಂದೇ. ಆದರೂ ಮೂರು ವರ್ಷದ ಹಿಂದೆ ಹೀರಾಳಿಗೆ ಮಾತ್ರ ಕ್ಯಾನ್ಸರ್ ಬಂದು, ಚಿಕಿತ್ಸೆಯಾಗಿ ಗುಣವಾಗಿತ್ತು. ಹಾಗಾದರೆ ಬದುಕು ಅವಳ ಮೇಲೆ ಮಾತ್ರ ಹಾಕಿದ ಗುರುತು ಯಾವುದು?

ಇಂಥ ಜೋಡಿ ಇಡೀ ಪಟ್ಟಿಯಲ್ಲಿ ಇದೊಂದೇ. "ಐದು ಗಂಟೆಯೊಳಗೆ ಇಬ್ಬರ ಎಂಜಲೂ ನನ್ನ ಮೇಜಿನ ಮೇಲಿರಬೇಕು. ಇದ್ದರೆ ನಿಮ್ಮ ಕೆಲಸ ಇನ್ನೊಂದು ವರ್ಷ ಮುಂದುವರಿಸೋ ಪತ್ರಕ್ಕೆ ಸಹಿ ಹಾಕ್ತೇನೆ," ಎಂದಿದ್ದರು ಅಧ್ಯಯನದ ಮುಖ್ಯಸ್ಥೆ ನಿಶಾ ಮೇಡಂ. ಕಳೆದ ತಿಂಗಳು ನಿತಿನ ಹಿಲ್ಲೂರಿನಿಂದ ತಂದ ಮಾದರಿಗಳೆಲ್ಲ ಎಲೆಯಡಿಕೆಯ ಕೆಂಪಿಗೆ ತಿರುಗಿ ಹಾಳಾಗಿದ್ದವು. ಆ ಸಿಟ್ಟು ಅವರಿಗೆ ಇನ್ನೂ ಇಳಿದಿರಲಿಲ್ಲ.

ಭಾವಿಕೇರಿಯಲ್ಲಿ ನಾಗಮ್ಮನ ಜಗಲಿ ಹತ್ತಿದಾಗ ಹನ್ನೊಂದು ಗಂಟೆ. ಹಣಕೋಣಕ್ಕೆ ಮದುವೆ ಮಾಡಿಕೊಟ್ಟಿದ್ದ ಹೀರಾ ಹಿಂದಿನ ದಿನವೇ ಅಕ್ಕನ ಮನೆಗೆ ಬಂದು ಕೂತಿದ್ದಳು.

"ಎಂಜಲಾ?" ನಾಗಮ್ಮ ಗಲ್ಲಕ್ಕೆ ಕೈ ಹಚ್ಚಿದಳು. "ಮನಿಗೆ ಬಂದವ್ರ ಕೈಗೆ ಎಂಜಲು ಕೊಟ್ಟು ಕಳಸೂದಾ? ಮೊದ್ಲು ಚಾ ಕುಡಿ ತಮಾ."

"ಚಾ ಬೇಡ ಅಮ್ಮಾ. ನೀವಿಬ್ರೂ ಅರ್ಧ ಗಂಟೆ ಬಾಯಿಗೆ ಎಂತದೂ ಹಾಕಬಾರ್ದು. ಕವಳಾನೂ ಇಲ್ಲ."

ನಾಗಮ್ಮನ ಮುಖ ಇಳಿಯಿತು. ಎಲೆಯಡಿಕೆಯ ಕವಳವಿಲ್ಲದೆ ಅವಳು ಅರ್ಧ ಗಂಟೆ ಕಳೆದದ್ದು ನಿದ್ದೆಯಲ್ಲಿ ಮಾತ್ರ. ಆದರೂ ಕೂತಳು. ಇಪ್ಪತ್ತೈದನೆಯ ನಿಮಿಷಕ್ಕೆ ಪಕ್ಕದ ಮನೆಯ ಬೊಮ್ಮಿ ಬಂದು, ಮಾತಾಡುತ್ತಲೇ ಎಲೆಗೆ ಸುಣ್ಣ ಹಚ್ಚಿ ಚಾಚಿದಳು. ನಾಗಮ್ಮ ಮಾತಾಡುತ್ತಲೇ ಇಸಿದುಕೊಂಡು ಬಾಯಿಗೆ ತುರುಕಿದಳು. ನಿತಿನ ಅಯ್ಯೋ ಎನ್ನುವಷ್ಟರಲ್ಲಿ ತುಟಿ ಕೆಂಪಾಗಿತ್ತು.

ಕೆಂಪು ಪೂರಾ ಹೋಗುವವರೆಗೆ ಬಾಯಿ ಮುಕ್ಕಳಿಸಿ, ಹನ್ನೆರಡೂವರೆಯ ಮೇಲೆ ಎರಡನೇ ಸಲ ಎಣಿಕೆ ಶುರುವಾಯಿತು. ಈ ಸಲ ನಾಗಮ್ಮ ಕಲ್ಲಿನಂತೆ ಕೂತಳು, ಆದರೆ ಒಂದು ಗಂಟೆ ಹೊಡೆದದ್ದೇ ಎದ್ದು ತಂಗಿಗೆ ಗಂಜಿ ತಂದಳು. "ಅವಳ ಮಾತ್ರೆ ಹೊತ್ತಾಯ್ತು. ನಿನ್ನ ಶಾಸ್ತ್ರಕ್ಕೆ ಅವಳ ಔಷಧ ತಪ್ಪಸೂದಾ?" ಎಂದಳು. ನಿತಿನ ತಾನೇ ಎದ್ದು ಮಾತ್ರೆಗೆ ನೀರು ತಂದುಕೊಟ್ಟ.

ಮೂರನೇ ಸಲಕ್ಕೆ ಅರ್ಧ ಕೇರಿ ಜಗಲಿಯಲ್ಲಿತ್ತು. ನಿವೃತ್ತ ಕಂಡಕ್ಟರ್ ಸತೀಶ ಗಡಿಯಾರ ಹಿಡಿದು ಬಾಗಿಲಲ್ಲೇ ಕೂತ. "ಯಾರೂ ಒಳಗೆ ಹೋಗೂಕಿಲ್ಲ, ಯಾರೂ ಎಂತದೂ ಕೊಡೂಕಿಲ್ಲ!" ಅಂತೂ ಅರ್ಧ ಗಂಟೆ ದಾಟಿತು. ನಾಗಮ್ಮನ ಕೊಳವೆ ಅರ್ಧಕ್ಕೆ ಬಂದು ನಿಂತಿತು. ಕವಳದ ಆಸೆಯಲ್ಲಿ ಅವಳ ಬಾಯೇ ಆರಿಹೋಗಿತ್ತು. ಹೀರಾಳದ್ದು ಅರ್ಧಕ್ಕೂ ಕಷ್ಟಪಟ್ಟು ಬಂತು.

"ಮಾತ್ರೆ ನುಂಗಿ ನುಂಗಿ ಬಾಯಲ್ಲಿ ಪಸೆ ಇಲ್ಲ ತಮಾ," ಎಂದಳು ಹೀರಾ, ತಪ್ಪು ಮಾಡಿದವಳ ಹಾಗೆ.

"ಹುಳಿ ಪದಾರ್ಥ ನೆನಪು ಮಾಡ್ಕೊಳ್ಳಿ ಅಮ್ಮಾ, ತಂತಾನೇ ಬರ್ತದೆ."

ಇಷ್ಟು ಹೇಳಿದ್ದೇ ತಡ, ಕೇರಿಯ ಕೇರಿಯೇ ನೆರವಿಗೆ ಬಂತು. "ಹೀರಕ್ಕಾ, ಎಳೇ ಹುಣ್ಸೇಕಾಯಿ, ಮೇಲಿಂದ ಕಲ್ಲುಪ್ಪು!" ಎಂದಳು ಬೊಮ್ಮಿ. "ಈಶಾಡ ಮಾವಿನಕಾಯಿ, ಖಾರದ ಪುಡಿ!" ಎಂದ ಸತೀಶ, ಗಡಿಯಾರ ಮರೆತು. ಒಬ್ಬರು ಬಿಂಬಲಕಾಯಿ ಎಂದರೆ ಇನ್ನೊಬ್ಬರು ನೆಲ್ಲಿಕಾಯಿ ಎಂದರು. ಹತ್ತು ನಿಮಿಷದಲ್ಲಿ ಜಗಲಿಯ ಮೇಲಿದ್ದ ಎಲ್ಲರ ಬಾಯಲ್ಲೂ ನೀರೂರಿ, ಮಾತು ತೊದಲತೊಡಗಿತು. ಹೀರಾಳ ಬಾಯಿ ಮಾತ್ರ ಒಣಗಿಯೇ ಇತ್ತು. ಅಷ್ಟರಲ್ಲಿ ಮಾದರಿ ತಣ್ಣಗಿಡಲು ನಿತಿನ ತಂದಿದ್ದ ಪೆಟ್ಟಿಗೆಯ ಮಂಜುಗಡ್ಡೆಯೂ ಕರಗಿತು. ನಿತಿನ ಎಲ್ಲರನ್ನೂ ಕೈಮುಗಿದು ಮನೆಗೆ ಕಳಿಸಿ, ರಸ್ತೆಗೆ ಬಂದ ಮೀನಿನ ಟೆಂಪೊ ಹಿಂದೆ ಓಡಿದ.

ಮಂಜುಗಡ್ಡೆ ಬೇಡಿ ತಂದಾಗ ಮೂರೂಕಾಲು. ನೋಡಿದರೆ ಎರಡೂ ಕೊಳವೆ ಗೆರೆಯವರೆಗೆ ತುಂಬಿ ನಿಂತಿವೆ! ನಾಗಮ್ಮ ಒಂದು ಕಂಬಕ್ಕೆ, ಹೀರಾ ಇನ್ನೊಂದು ಕಂಬಕ್ಕೆ ಒರಗಿ, ಬೇರೆ ಬೇರೆ ದಿಕ್ಕಿಗೆ ನೋಡುತ್ತಿದ್ದರು. ನಿತಿನ ಇಬ್ಬರ ಕಾಲಿಗೂ ಬಿದ್ದ.

"ನಿನ್ನ ನೌಕರಿ ಉಳೀಲಿ ಮಗಾ," ಎಂದಳು ಹೀರಾ.

ಬೈಕು ಕಾರವಾರ ಸೇರಿದಾಗ ಐದಕ್ಕೆ ಇಪ್ಪತ್ತು ನಿಮಿಷವಿತ್ತು. ಪೆಟ್ಟಿಗೆ ತೆರೆದಾಗ ಪ್ರಯೋಗಾಲಯವೆಲ್ಲ ಬಂಗಡೆ ವಾಸನೆ. ನಿಶಾ ಮೇಡಂ ಮೂಗು ಮುಚ್ಚಿಕೊಂಡೇ ಕೊಳವೆಗಳನ್ನು ಬೆಳಕಿಗೆ ಹಿಡಿದರು. ಕೆಂಪಿಲ್ಲ, ಕಸವಿಲ್ಲ. ಮೊದಲ ಬಾರಿ ಅವನತ್ತ ನೋಡಿ ನಕ್ಕು, ಪತ್ರ ಎಳೆದುಕೊಂಡು ಪೆನ್ನಿನ ಮುಚ್ಚಳ ತೆಗೆದರು. ಅದೇ ಹೊತ್ತಿಗೆ ನಿತಿನನ ಫೋನು ಬಡಿದುಕೊಂಡಿತು.

"ತಮಾ, ಮುಟ್ಟಿದ್ಯಾ?" ನಾಗಮ್ಮ ಪಿಸುಗುಟ್ಟಿದಳು. "ಹೀರಾ ಹಿತ್ಲಲ್ಲಿದ್ದಾಳೆ, ಅದ್ಕೇ ಈಗ ಹೇಳ್ತೆ. ನೀ ಮಂಜುಗಡ್ಡೆ ತರೂಕೆ ಹೋದಾಗ ಅವಳಿಗೆ ಮಂಪರು ಹತ್ತಿತ್ತು. ಅವಳ ಕೊಳವಿ ಅರ್ಧಕ್ಕೇ ನಿಂತಿತ್ತಲ್ಲ, ಉಳದದ್ದು ನಾನೇ ತುಂಬ್ಸಿದೆ. ಬಾಯಲ್ಲಿ ಇದ್ದಿದ್ದೆಲ್ಲ ಅವಳಿಗೇ ಕೊಟ್ಟೆ. ಆಸ್ಪತ್ರೇಲಿ ಎಲ್ಲಾ ತ್ರಾಸು ಅವಳೊಬ್ಳೇ ತಿಂದ್ಳು. ಆಗ ನಂಗೆ ಎಂತದೂ ಹಂಚ್ಕೊಳ್ಳೂಕೆ ಆಗ್ಲಿಲ್ಲ. ಇಷ್ಟಾದ್ರೂ ಆಯ್ತಲ್ಲ."

"ಅಕ್ಕಾ! ಎಂತಾ ಮಾಡ್ದೆ ನೀನು!" ಹಿಂದಿನಿಂದ ಹೀರಾಳ ದನಿ. ಫೋನು ಕೈ ಬದಲಾಯಿತು. "ತಮಾ, ಅವಳು ದನಕ್ಕೆ ನೀರಿಡೂಕೆ ಹೋದಾಗ ನಾನು ಅವಳ ಕೊಳವಿ ತುಂಬ್ಸಿದ್ದೆ. ಕವಳ ಇಲ್ದೆ ಒದ್ದಾಡೂದು ನೋಡೂಕಾಗ್ಲಿಲ್ಲ. ನನ್ನ ಕೊಳವಿಗೆ ಬರದ್ದು ಅವಳದ್ದಕ್ಕೆ ಹ್ಯಾಂಗೋ ಬಂತು."

ಆ ಕಡೆ ಇಬ್ಬರೂ ಒಬ್ಬರನ್ನೊಬ್ಬರು ಬೈದುಕೊಂಡರು, ನಕ್ಕರು, ಆಮೇಲೆ ಅತ್ತರು. ಈ ಕಡೆ ನಿತಿನ ಮೇಜಿನ ಮೇಲಿನ ಕೊಳವೆಗಳನ್ನೇ ನೋಡಿದ. ಅವುಗಳ ಮೇಲಿನ ಹೆಸರಿನ ಚೀಟಿ ಅದಲುಬದಲು ಮಾಡಿದರೂ ಪ್ರಯೋಜನವಿಲ್ಲ. ಎರಡರಲ್ಲೂ ಇಬ್ಬರೂ ಇದ್ದಾರೆ. ಜೀನು ಒಂದೇ ಆದ್ದರಿಂದ ಯಾವ ಯಂತ್ರವೂ ಅವರನ್ನು ಬಿಡಿಸಲಾರದು. ಹಾಗೆಯೇ, ತಾನು ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಪೆನ್ನು ಕಾಗದ ಮುಟ್ಟುವುದರಲ್ಲಿತ್ತು. ಈ ಸುಳ್ಳು ಲೆಕ್ಕ ನಾಳೆ ಇನ್ನಾವ ಹೀರಾಳ ಚಿಕಿತ್ಸೆಗೆ ಅಡ್ಡ ಬರುತ್ತದೋ ಎಂದುಕೊಂಡ. "ಮೇಡಂ, ಒಂದು ನಿಮಿಷ," ಎಂದು ಎಲ್ಲವನ್ನೂ ಹೇಳಿಬಿಟ್ಟ.

ನಿಶಾ ಮೇಡಂ ಎರಡೂ ಕೊಳವೆಗಳನ್ನು ಮತ್ತೊಮ್ಮೆ ಬೆಳಕಿಗೆ ಹಿಡಿದರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಅದು ನಗುವೋ ಅಳುವೋ ನಿತಿನನಿಗೆ ತಿಳಿಯಲಿಲ್ಲ. ಆಮೇಲೆ ಪೆನ್ನಿಗೆ ಮುಚ್ಚಳ ಹಾಕಿ, ಪತ್ರವನ್ನು ಡ್ರಾವರಿಗೆ ತಳ್ಳಿ, "ನಾಳೆ, ಐದು ಗಂಟೆಯೊಳಗೆ," ಎಂದು ಎರಡು ಖಾಲಿ ಕೊಳವೆ ಅವನ ಮುಂದಿಟ್ಟರು.

ಫೋನು ಇನ್ನೂ ಕಿವಿಯಲ್ಲೇ ಇತ್ತು. "ತಮಾ, ಹಾಂಗಾರೆ ನಿಮ್ಮ ಮಶೀನು ನಮ್ಮಿಬ್ರಲ್ಲಿ ಎಂತ ವ್ಯತ್ಯಾಸ ಹೇಳ್ತದೆ?" ಎಂದು ಕೇಳಿದಳು ನಾಗಮ್ಮ.

"ಈ ಎಂಜಲು ಹಾಕಿದ್ರೆ ಎಂತದೂ ವ್ಯತ್ಯಾಸ ಇಲ್ಲ ಅಂತದೆ ಅಮ್ಮಾ."

"ಅಷ್ಟು ಹೇಳೂಕೆ ಮಶೀನು ಎಂತಕ್ಕೆ? ಬೆಳಿಗ್ಗೆ ನನ್ನೇ ಕೇಳಿದ್ರೆ ಸಾಕಿತ್ತಲ್ಲ!"